ಹಳೆಯ ಸ್ಪೋರ್ಟ್ಸ್ ಕಾರಿನ ಬಿರುಕು ಬಿಟ್ಟ ಡ್ಯಾಶ್‌ಬೋರ್ಡ್: ಬಿಚ್ಚುವುದರಿಂದ ಮತ್ತೆ ಕೂರಿಸುವವರೆಗೆ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ತುಕ್ಕು ಹುಡುಕುತ್ತಾರೆ. ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದ್ದರೆ "ಅದೇನು ಬಿಡಿ, ಪುಟ್ಟಿ ಹಾಕಿದ್ರೆ ಆಯ್ತು" ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಕಾರಿನೊಳಗೆ ಕೂತವರ ಕಣ್ಣೆದುರು ಸದಾ ಇರುವುದು ಅದೇ ಅಲ್ವಾ? ಎಂಜಿನ್ ಎಷ್ಟೇ ಚೆನ್ನಾಗಿರಲಿ, ಎದುರಿಗೆ ಬಾಯಿ ಬಿಟ್ಟ ಡ್ಯಾಶ್ ಇದ್ದರೆ ಕಾರು ಸೋತಂತೆ ಕಾಣುತ್ತದೆ. ಇನ್ನು ಪುಟ್ಟಿಯ ವಿಷಯ: ಬರೀ ಪುಟ್ಟಿ ತುಂಬಿದ ಬಿರುಕು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ತೆರೆದುಕೊಳ್ಳುತ್ತದೆ, ಇಲ್ಲವೇ ಅದರ ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ. ಯಾಕೆ ಹೀಗಾಗುತ್ತದೆ ಅಂತ ಗೊತ್ತಾದರೆ ಯಾವ ದಾರಿ ಹಿಡಿಯಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ಅದಕ್ಕೇ ಪಾನಾ ಕೈಗೆತ್ತಿಕೊಳ್ಳುವ ಮೊದಲು ಸ್ವಲ್ಪ ಹಿನ್ನೆಲೆ.

ಬಿರುಕು ಯಾಕೆ ಬರುತ್ತದೆ

1960ರ ದಶಕದ ನಡುವಿನವರೆಗೂ ಎಷ್ಟೋ ಸ್ಪೋರ್ಟ್ಸ್ ಕಾರುಗಳ ಡ್ಯಾಶ್ ತಗಡಿನದ್ದೋ ಮರದ್ದೋ ಆಗಿರುತ್ತಿತ್ತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಹೊಸ ನಿಯಮಗಳು ಜಾರಿಗೆ ಬಂದವು. ಅಪಘಾತದಲ್ಲಿ ತಲೆ ಬಡಿದರೂ ಪೆಟ್ಟು ಕಡಿಮೆಯಾಗುವಂತೆ ಕಾರಿನ ಒಳಭಾಗ ಇರಬೇಕು ಅಂತಾಯಿತು. ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನಲ್ಲಿ ಮಾರುವ ಕಾರಿಗೆ ತಗಡಿನ ಡ್ಯಾಶ್ ಇನ್ನೂ ಕೆಲವು ವರ್ಷ ಮುಂದುವರಿಯಿತು. ಅಮೆರಿಕಕ್ಕೆ ಹೋಗುವ ಕಾರಿಗೆ 1968ರ ಮಾದರಿಯಿಂದಲೇ ದಪ್ಪ ದಿಂಬಿನಂಥ ಡ್ಯಾಶ್ ಬಂತು. ಇವತ್ತು ಬಿರುಕು ಬಿಟ್ಟು ಗೋಳು ಕೊಡುವುದು ಈ ಎರಡನೆಯದೇ.

ಇಂಥ ಡ್ಯಾಶ್‌ನಲ್ಲಿ ಮೂರು ಪದರ ಇರುತ್ತವೆ. ಅಡಿಯಲ್ಲಿ ತಗಡಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು. ಅದರ ಮೇಲೆ ಪಾಲಿಯುರೆಥೇನ್ ಫೋಮ್. ಎಲ್ಲಕ್ಕಿಂತ ಮೇಲೆ ವಿನೈಲ್ ಹೊದಿಕೆ, ಅಂದರೆ ಪಿವಿಸಿ. ಪಿವಿಸಿ ಹುಟ್ಟಾ ಗಡಸು. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಬಿಸಿಲು ಬಿದ್ದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೊರಟುಹೋಗುತ್ತದೆ. ಹಳೆಯ ಕಾರಿನ ಮುಂದಿನ ಗಾಜಿನ ಒಳಬದಿಗೆ ಜಿಡ್ಡು ಜಿಡ್ಡಾದ ತೆಳು ಪೊರೆ ಕೂರುತ್ತದಲ್ಲ, ಅದರಲ್ಲಿ ಬಹುಪಾಲು ಇದೇ.

ಬಿಸಿಯ ಲೆಕ್ಕ ಸಣ್ಣದಲ್ಲ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಟೆಂಪಿ ಊರಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಡ್ಯಾಶ್‌ಬೋರ್ಡ್ ಸರಾಸರಿ ಸುಮಾರು 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಸ್ಟೀರಿಂಗ್ ಸುಮಾರು 53 ಡಿಗ್ರಿಯಲ್ಲಿತ್ತು. ಅಂದರೆ ಕಾರಿನೊಳಗೆ ಬಿಸಿಲಿನ ಹೊಡೆತ ಜಾಸ್ತಿ ತಿನ್ನುವುದು ಡ್ಯಾಶೇ.

ಎಣ್ಣೆ ಹೋದ ವಿನೈಲ್ ಕುಗ್ಗುತ್ತದೆ. ಅಡಿಯ ಚೌಕಟ್ಟು ಕುಗ್ಗುವುದಿಲ್ಲ. ಹೀಗಾಗಿ ಹೊದಿಕೆ ನಗಾರಿಗೆ ಎಳೆದು ಕಟ್ಟಿದ ಚರ್ಮದ ಹಾಗೆ ಬಿಗಿಯುತ್ತಾ ಹೋಗುತ್ತದೆ. ಒಂದು ದಿನ ತೀರಾ ದುರ್ಬಲ ಜಾಗದಲ್ಲಿ ಸೀಳುತ್ತದೆ. ಆ ಜಾಗ ಸಾಮಾನ್ಯವಾಗಿ ಸ್ಪೀಕರ್ ಜಾಲರಿಯ ಮೂಲೆ, ಗಾಜಿಗೆ ಗಾಳಿ ಬಿಡುವ ಸೀಳಿನ ತುದಿ, ಸ್ಕ್ರೂ ತೂತು, ಇಲ್ಲವೇ ಮೀಟರುಗಳ ನಡುವಿನ ಇಕ್ಕಟ್ಟಾದ ತಿರುವು. ಡ್ಯಾಟ್ಸನ್ 240ಝಡ್‌ನಲ್ಲಿ ಮೀಟರುಗಳ ಮೇಲಿನ ಭಾಗ, ಪೋರ್ಷೆ 911ರಲ್ಲಿ ಸ್ಪೀಕರ್ ಜಾಲರಿಯ ಸುತ್ತಮುತ್ತ, ಪೋರ್ಷೆ 944ರಲ್ಲಿ ಮೇಲಿನ ಅಗಲವಾದ ಹರವು, ಹೀಗೆ ಒಂದೊಂದು ಕಾರಿಗೂ ಒಂದೊಂದು ಖಾಯಂ ಜಾಗ.

ಇದಿಷ್ಟರಲ್ಲಿ ಮುಖ್ಯವಾದ ಮಾತು ಒಂದೇ. ಬಿರುಕು ರೋಗ ಅಲ್ಲ, ರೋಗದ ಗುರುತು. ರೋಗ ಇರುವುದು ಇಡೀ ಹೊದಿಕೆಯ ಬಿಗಿತದಲ್ಲಿ. ಬಿರುಕನ್ನು ಮಾತ್ರ ತುಂಬಿದರೆ ಆ ಬಿಗಿತ ಹಾಗೇ ಉಳಿಯುತ್ತದೆ.

ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ

ಕಾರು ನೆರಳಿನಲ್ಲಿದ್ದು ಡ್ಯಾಶ್ ತಣ್ಣಗಿರುವಾಗ ಬೆರಳಿನ ಗೆಣ್ಣಿನಿಂದ ಬಿರುಕಿನ ಪಕ್ಕದಲ್ಲಿ ಮೆಲ್ಲಗೆ ತಟ್ಟಿ. ನಿಧಾನವಾಗಿ ಬಿರುಕಿನಿಂದ ದೂರ ಹೋಗುತ್ತಾ ತಟ್ಟುತ್ತಾ ಬನ್ನಿ. ಹತ್ತಿರದಲ್ಲಿ ಟೊಳ್ಳು ಸದ್ದು ಬರುತ್ತದೆ. ಒಂದು ಕಡೆ ಸದ್ದು ಮಂದವಾಗುತ್ತದೆ. ವಿನೈಲ್ ಇನ್ನೂ ಫೋಮಿಗೆ ಅಂಟಿಕೊಂಡಿರುವುದು ಅಲ್ಲಿಂದ ಆಚೆಗೆ. ಆ ಗಡಿಯನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಎಷ್ಟೋ ಸಲ ಕಣ್ಣಿಗೆ ಕಾಣುವ ಬಿರುಕು ಒಂದು ಗೇಣು, ಎದ್ದಿರುವ ಹೊದಿಕೆ ಅದರ ಮೂರರಷ್ಟು.

ಈಗ ಬಿರುಕಿನ ಅಂಚನ್ನು ಬೆರಳಿನಿಂದ ಒತ್ತಿ. ಕೆಳಗೆ ಕೂತು ಹಾಗೇ ಉಳಿದರೆ ಒಳ್ಳೆಯದು. ಕೈ ತೆಗೆದ ಕೂಡಲೇ ಮೇಲಕ್ಕೆ ಸುರುಳಿಯಾದರೆ ಆ ಅಂಚು ಪೂರ್ತಿ ಸತ್ತಿದೆ, ಕತ್ತರಿಸಿ ತೆಗೆಯಲೇಬೇಕು. ಒಳಗಿನ ಫೋಮ್ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದಾ ಅಂತಲೂ ನೋಡಿ.

ಇಷ್ಟು ನೋಡಿದ ಮೇಲೆ ನನ್ನ ಸಲಹೆ ಹೀಗೆ. ಒಂದೋ ಎರಡೋ ಸಣ್ಣ ಬಿರುಕು, ಫೋಮ್ ಗಟ್ಟಿಯಾಗಿದೆ ಅಂದರೆ ಮನೆಯಲ್ಲೇ ತುಂಬಿ, ಮೇಲ್ಮೈಗೆ ಪೂರ್ತಿ ಹೊಸ ಲೇಪ ಕೊಡಬಹುದು. ಮೂರು ನಾಲ್ಕು ಕಡೆ ಸೀಳಿ ಅಂಚು ಸುರುಳಿಯಾಗಿದ್ದರೆ ತುಂಬಿ ನಯಗೊಳಿಸಿ, ಮೇಲೆ ಹೊಸ ರೆಕ್ಸಿನ್ ಅಥವಾ ಚರ್ಮ ಹೊದಿಸುವುದು ವಾಸಿ. ಫೋಮ್ ಪುಡಿಯಾಗಿದ್ದರೆ ಸುಮ್ನೆ ಒದ್ದಾಡಬೇಡಿ. ಹಳೆಯ ಹೊದಿಕೆ, ಫೋಮ್ ಎರಡನ್ನೂ ಕಿತ್ತು, ಹೊಸ ಫೋಮ್ ಕಟ್ಟಿ, ಬಿಸಿ ಮಾಡಿದ ವಿನೈಲ್ ಹಾಳೆಯನ್ನು ನಿರ್ವಾತದಿಂದ ಎಳೆದು ಕೂರಿಸುವ ವೃತ್ತಿಪರರು ಇದ್ದಾರೆ. ಹೊಸದರ ಹತ್ತಿರಕ್ಕೆ ಬರುವ ದಾರಿ ಅದೊಂದೇ. ಅಪರೂಪದ ಕಾರಾಗಿದ್ದರೆ, ಅದರ ಮೂಲ ರೂಪಕ್ಕೆ ಬೆಲೆ ಇದ್ದರೆ, ನಾನಂತೂ ಬೇರೆ ದಾರಿ ಹಿಡಿಯುವುದಿಲ್ಲ.

ಬದಲಿ ಡ್ಯಾಶ್ ಹುಡುಕುವವರು ಎರಡು ಸಂಗತಿ ನೆನಪಿಡಿ. ಗುಜರಿಯಿಂದ ಬಂದ ಡ್ಯಾಶ್‌ಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಇವತ್ತು ಬಿರುಕಿಲ್ಲದಿದ್ದರೂ ಬಿಚ್ಚಿ, ಸಾಗಿಸಿ, ಬಗ್ಗಿಸಿ ಕೂರಿಸುವಾಗ ಸೀಳಬಹುದು. ಎರಡನೆಯದು, ಹೆಸರು ಒಂದೇ ಆದರೂ ವರ್ಷಕ್ಕೆ ತಕ್ಕಂತೆ ಆಕಾರ ಬದಲಾಗಿರುತ್ತದೆ. ಪೋರ್ಷೆ 944ರಲ್ಲಿ 1985ರ ನಡುವೆ ಡ್ಯಾಶ್ ಪೂರ್ತಿ ಬೇರೆಯಾಯಿತು, ಹಳೆಯದು ಹೊಸದಕ್ಕೆ ಕೂರುವುದಿಲ್ಲ. ಎಡಗಡೆ ಸ್ಟೀರಿಂಗ್, ಬಲಗಡೆ ಸ್ಟೀರಿಂಗ್ ಅನ್ನುವ ವ್ಯತ್ಯಾಸ ಹೇಗೂ ಇದ್ದೇ ಇದೆ.

ಇನ್ನು ಡ್ಯಾಶ್ ಕ್ಯಾಪ್. ಹಳೆಯದರ ಮೇಲೆ ಅಂಟಿಸುವ, ಅಚ್ಚಿನಲ್ಲಿ ಒತ್ತಿ ತೆಗೆದ ತೆಳು ಪ್ಲಾಸ್ಟಿಕ್ ಚಿಪ್ಪು ಅದು. ದಿನಾ ಓಡಿಸುವ ಕಾರಿಗೆ ಪರವಾಗಿಲ್ಲ, ಎಷ್ಟೋ ಕಾರುಗಳಲ್ಲಿ ಡ್ಯಾಶ್ ಬಿಚ್ಚದೆಯೇ ಹಾಕಬಹುದು. ಹಾಕುವುದಾದರೆ ಮೊದಲು ಅಂಟಿಲ್ಲದೆ ಇಟ್ಟು ನೋಡಿ. ಗಾಳಿಯ ಸೀಳುಗಳು ಸರಿಯಾಗಿ ಕೂತಿವೆಯಾ, ಮೂಲೆಗಳು ಗಾಜಿಗೆ ತಾಗುತ್ತವಾ ಅಂತ ಪರೀಕ್ಷಿಸಿ. ಮೇಲಕ್ಕೆ ಸುರುಳಿಯಾದ ವಿನೈಲ್ ಅಂಚುಗಳನ್ನು ಕತ್ತರಿಸಿ ಸಮ ಮಾಡಿ, ಇಲ್ಲದಿದ್ದರೆ ಚಿಪ್ಪು ಎದ್ದು ನಿಲ್ಲುತ್ತದೆ. ಸಿಲಿಕೋನ್ ಅಂಟನ್ನು ಸಾಲುಸಾಲಾಗಿ ಎಳೆದು, ಮರಳಿನ ಚೀಲ ಹೇರಿ, ಒಂದು ದಿನ ಬಿಡಿ. ಆದರೆ ಒಂದು ಮಾತು. ಒಮ್ಮೆ ಅಂಟಿಸಿದ ಮೇಲೆ ತೆಗೆಯಲು ಹೋದರೆ ಅಡಿಯ ಮೂಲ ಡ್ಯಾಶ್ ಕಿತ್ತುಬರುತ್ತದೆ. ಮುಂದೆ ಎಂದಾದರೂ ಸರಿಯಾಗಿ ರಿಪೇರಿ ಮಾಡಿಸುವ ಆಸೆ ಇದ್ದವರು ಇದರ ತಂಟೆಗೆ ಹೋಗಬೇಡಿ.

ಬಿಚ್ಚುವ ಕೆಲಸ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಾಮಾನು ಮುರಿಯುವುದು ಇಲ್ಲೇ, ಅದರಲ್ಲೂ ಅವಸರದಿಂದ. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು ಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಜಾಗಕ್ಕೊಂದು ಚೀಲ, ಚೀಲದ ಮೇಲೆ ಹೆಸರು. ಉದ್ದ ಸ್ಕ್ರೂವನ್ನು ಗಿಡ್ಡ ಸ್ಕ್ರೂ ಜಾಗಕ್ಕೆ ಹಾಕಿದರೆ ಅದು ಹಿಂದಿನ ವೈರಿಂಗ್ ಚುಚ್ಚುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಏರ್‌ಬ್ಯಾಗ್ ಇರುವ ಕಾರಾದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು ಆಮೇಲೆ ಮುಂದುವರಿಯಿರಿ. 1980ರ ದಶಕದ ಕೊನೆಯಿಂದ ಈಚೆಯ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲೂ ಏರ್‌ಬ್ಯಾಗ್ ಇದೆ, "ಹಳೆ ಕಾರು ತಾನೇ" ಅಂತ ಊಹಿಸಬೇಡಿ.

ಸ್ಟೀರಿಂಗ್ ವೀಲ್ ತೆಗೆಯುವ ಮೊದಲು ಚಕ್ರಗಳನ್ನು ನೇರ ಮಾಡಿ, ವೀಲ್ ಮತ್ತು ಶಾಫ್ಟ್ ಎರಡಕ್ಕೂ ಸೇರಿಸಿ ಒಂದು ಗೆರೆ ಎಳೆಯಿರಿ. ನಟ್ಟನ್ನು ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಕೊನೆಯ ಒಂದೆರಡು ಸುತ್ತು ಉಳಿದಿರಲಿ. ಬಿಗಿಯಾಗಿ ಕೂತ ವೀಲ್ ಒಮ್ಮೆಲೇ ಕಳಚಿದಾಗ ಮುಖಕ್ಕೆ ಬಡಿಯದಂತೆ ಆ ನಟ್ಟೇ ತಡೆಯುತ್ತದೆ. ಆಮೇಲೆ ಸ್ಟೀರಿಂಗ್ ಕಾಲಂ ಹಿಡಿದಿರುವ ಬೋಲ್ಟ್ ಸಡಿಲಿಸಿ, ಕಾಲಂ ಕೆಳಗಿಳಿಸಿ, ಸೀಟಿನ ಮೇಲೆ ದಪ್ಪ ಬಟ್ಟೆ ಹಾಸಿ ಒರಗಿಸಿ.

ಮೀಟರುಗಳ ಹಿಂದೆ ಕೈ ಹಾಕುವಾಗ ನಿಧಾನ. ಸ್ಪೀಡೋಮೀಟರ್ ಕೇಬಲ್ ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸುವ ನಟ್‌ನಿಂದ ಹಿಡಿದಿರುತ್ತದೆ. ಆಯಿಲ್ ಪ್ರೆಷರ್ ಮೀಟರಿಗೆ ಕೆಲವು ಕಾರುಗಳಲ್ಲಿ ವೈರಿನ ಬದಲು ಎಂಜಿನ್ ಆಯಿಲ್ ಹರಿಯುವ ಸಣ್ಣ ಪೈಪೇ ಬಂದಿರುತ್ತದೆ. ಅದನ್ನು ಬಿಚ್ಚುವಾಗ ಕೆಳಗೆ ಬಟ್ಟೆ ಇಡಿ. ಅದಕ್ಕಿಂತ ಸೂಕ್ಷ್ಮವಾದದ್ದು ಹಳೆಯ ಬ್ರಿಟಿಷ್ ಕಾರುಗಳ ನೀರಿನ ಬಿಸಿ ತೋರಿಸುವ ಮೀಟರು. ಸ್ಮಿತ್ಸ್ ಕಂಪನಿಯ ಎಷ್ಟೋ ಮೀಟರುಗಳಲ್ಲಿ ಎಂಜಿನ್ನಿನಿಂದ ಮೀಟರಿನವರೆಗೆ ಒಂದು ತೆಳು ಲೋಹದ ನಾಳ ಬರುತ್ತದೆ, ಅದರೊಳಗೆ ಈಥರ್ ತುಂಬಿರುತ್ತದೆ. ಅದು ಮೀಟರಿನಿಂದ ಕಳಚುವುದಿಲ್ಲ. ಜೋರಾಗಿ ಮಡಿಸಿದರೆ, ಕತ್ತರಿಸಿದರೆ ಮೀಟರು ಸತ್ತ ಹಾಗೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ವಲ್ಪ ಕೂಲೆಂಟ್ ಇಳಿಸಿ, ಎಂಜಿನ್ ಕಡೆಯ ತುದಿಯನ್ನು ಬಿಚ್ಚಿ, ನಾಳವನ್ನು ದೊಡ್ಡ ಸುರುಳಿಯಾಗಿ ಸುತ್ತಿ ಮೀಟರಿನ ಜೊತೆಗೇ ಹೊರತೆಗೆಯಿರಿ.

ಪ್ರತಿ ವೈರಿಗೂ ಟೇಪ್ ಸುತ್ತಿ, ಎಲ್ಲಿಗೆ ಹೋಗಬೇಕು ಅಂತ ಬರೆಯಿರಿ. ಬಣ್ಣ ನಂಬಬೇಡಿ. ಹಿಂದಿನ ಮಾಲೀಕರು ಯಾರ್ಯಾರೋ ಏನೇನೋ ಜೋಡಿಸಿರುತ್ತಾರೆ. ಹೀಟರ್ ಕೇಬಲ್‌ಗಳನ್ನು ಕ್ಲಿಪ್ ಹಿಡಿದಿದ್ದ ಜಾಗದಲ್ಲೇ ಪೇಂಟಿನ ಚುಕ್ಕೆ ಇಟ್ಟು ಗುರುತು ಮಾಡಿ. ಈ ಒಂದು ಚುಕ್ಕೆ ಜೋಡಿಸುವಾಗ ಅರ್ಧ ದಿನ ಉಳಿಸುತ್ತದೆ.

ಡ್ಯಾಶ್ ಹಿಡಿದಿರುವ ಬೋಲ್ಟ್‌ಗಳು ಎರಡೂ ಬದಿಯ ಬಾಗಿಲ ಕಂಬದ ಹತ್ತಿರ, ಕೆಳಗೆ ನಡುವಿನ ಕನ್ಸೋಲ್ ಹತ್ತಿರ, ಮತ್ತು ಮೇಲೆ ಗಾಜಿನ ಬುಡದಲ್ಲಿ ಇರುತ್ತವೆ. ಗಾಜಿನ ಬುಡದವು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಎಳೆದರೂ ಡ್ಯಾಶ್ ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ ಅಂತಲೇ ಅರ್ಥ. ಬಲ ಹಾಕಬೇಡಿ, ಹುಡುಕಿ. ಹಳೆಯ ಪ್ಲಾಸ್ಟಿಕ್ ತಣ್ಣಗಿದ್ದರೆ ಬಿಸ್ಕತ್ತಿನಷ್ಟು ಸುಲಭವಾಗಿ ಮುರಿಯುತ್ತದೆ, ಆದ್ದರಿಂದ ಕಾರಿನೊಳಗೆ ಸ್ವಲ್ಪ ಬೆಚ್ಚಗಿರುವಾಗ ಎತ್ತಿ. ಇಬ್ಬರು ಬೇಕು, ಬಾಗಿಲಿಗೊಬ್ಬರು.

ಒಂದು ಕಾನೂನಿನ ವಿಷಯ. ಅಮೆರಿಕಕ್ಕೆಂದು 1969ರ ಮಾದರಿಯಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಚಾಸಿ ನಂಬರಿನ ತಗಡು ಗಾಜಿನ ಮೂಲಕ ಹೊರಗಿನಿಂದ ಕಾಣುವಂತೆ ಇರುತ್ತದೆ. ಕೆಲವದರಲ್ಲಿ ಅದು ಡ್ಯಾಶ್ ಮೇಲೆಯೇ ರಿವೆಟ್ ಆಗಿರುತ್ತದೆ. ಅದನ್ನು ಕಿತ್ತು ಬೇರೆ ಡ್ಯಾಶ್‌ಗೆ ಹಾಕುವುದು ಹಲವು ಕಡೆ ಅಪರಾಧ. ನೀವಿರುವ ಜಾಗದ ನಿಯಮ ವಿಚಾರಿಸದೆ ಆ ರಿವೆಟ್ ಮುಟ್ಟಬೇಡಿ. ಡ್ಯಾಶ್ ಕೊಟ್ಟು ರಿಪೇರಿ ಮಾಡಿಸುವಾಗಲೂ ಈ ತಗಡಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ.

ತೊಳೆಯುವುದು

ಚಿಕ್ಕ ಹಂತ, ಆದರೆ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ವರ್ಷಗಟ್ಟಲೆ ಬಳಿದ ಹೊಳಪಿನ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ, ಅಂಟೂ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರು, ಮೆತ್ತನೆ ಬ್ರಶ್ ಹಿಡಿದು ವಿನೈಲಿನ ಗೆರೆಗಳ ಒಳಗಿಂದ ಕೊಳೆ ತೆಗೆಯಿರಿ. ಬಿರುಕಿನೊಳಗೆ ನೀರು ಇಳಿಯದ ಹಾಗೆ ಟೇಪ್ ಹಚ್ಚಿ. ಒಣಗಿದ ಮೇಲೆ ಪೇಂಟಿಂಗ್ ಕೆಲಸದವರು ಬಳಸುವ ಗ್ರೀಸ್ ರಿಮೂವರ್ ಹಾಕಿ, ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಸಿಲಿಕೋನ್ ಅಲ್ಲಿಂದಿಲ್ಲಿಗೆ ಓಡಾಡುತ್ತದೆ ಅಷ್ಟೇ.

ಬಿರುಕು ತುಂಬುವುದು

ಕೂದಲೆಳೆಯಂಥ ಬಿರುಕಾದರೆ ಅದರ ಎರಡೂ ತುದಿಗೆ 3 ಮಿ.ಮೀ. ಡ್ರಿಲ್ಲಿನಿಂದ ಒಂದೊಂದು ತೂತು ಹಾಕಿ, ವಿನೈಲ್ ದಾಟುವಷ್ಟು ಮಾತ್ರ. ಚೂಪಾದ ತುದಿಯಲ್ಲಿ ಸೇರುವ ಎಳೆತ ಗುಂಡನೆಯ ತೂತಿನ ಸುತ್ತ ಹರಡಿಹೋಗುತ್ತದೆ, ಬಿರುಕು ಮುಂದೆ ಓಡುವುದಿಲ್ಲ.

ದೊಡ್ಡ ಬಿರುಕಾದರೆ ಚೂಪಾದ ಬ್ಲೇಡಿನಿಂದ, ಮೊದಲು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ ಗಡಿಯವರೆಗೆ, ಎದ್ದ ವಿನೈಲನ್ನು ಕತ್ತರಿಸಿ ತೆಗೆಯಿರಿ. ನೋಡಲು ಭಯವಾಗುತ್ತದೆ, ಸಣ್ಣ ಬಿರುಕು ಅಂಗೈ ಅಗಲದ ಗುಂಡಿಯಾಗುತ್ತದೆ. ಆದರೂ ಜಿಪುಣತನ ಬೇಡ. ಸತ್ತ ಅಂಚಿನ ಮೇಲೆ ಹಾಕಿದ ಪುಟ್ಟಿ ಆ ಅಂಚಿನ ಜೊತೆಗೇ ಎದ್ದುಬರುತ್ತದೆ. ಕತ್ತರಿಸುವಾಗ ಬ್ಲೇಡನ್ನು ಓರೆಯಾಗಿ ಹಿಡಿಯಿರಿ, ಅಂಚು ಇಳಿಜಾರಾಗಬೇಕು. ಬ್ಲೇಡ್ ಓಡುತ್ತಿದ್ದ ಹಾಗೆ ಕೆಲವು ಕಡೆ ಸೀಳು ತಾನಾಗಿಯೇ ಒಂದೆರಡು ಮಿ.ಮೀ. ಅಗಲವಾಗುವುದು ಕಾಣುತ್ತದೆ. ಅಷ್ಟು ವರ್ಷ ಹಿಡಿದಿಟ್ಟಿದ್ದ ಎಳೆತ ಬಿಡುಗಡೆಯಾಗುವ ಕ್ಷಣ ಅದು. ಹಾಗಾದದ್ದು ಒಳ್ಳೆಯದೇ. ಈಗಲೇ ಎಷ್ಟು ಬಿಡುತ್ತದೋ ಅಷ್ಟು ಮುಂದೆ ನಿಮ್ಮ ಪುಟ್ಟಿಯನ್ನು ಎಳೆಯುವುದಿಲ್ಲ. ಕತ್ತರಿಸಿದ ಮೇಲೆ ಡ್ಯಾಶನ್ನು ಒಂದು ದಿನ ಹಾಗೇ ಬೆಚ್ಚಗಿನ ಜಾಗದಲ್ಲಿ ಬಿಡಿ, ಇನ್ನೂ ಸರಿಯುವುದಿದ್ದರೆ ಸರಿಯಲಿ.

ಫೋಮ್ ಹೋದ ಜಾಗಕ್ಕೆ ಎರಡು ದ್ರವ ಬೆರೆಸುವ ಪಾಲಿಯುರೆಥೇನ್ ಫೋಮ್ ಹಾಕಿ. ಬಾಗಿಲು ಕಿಟಕಿ ಸಂದು ಮುಚ್ಚಲು ಬಳಸುವ ಒಂದೇ ಡಬ್ಬಿಯ ಸ್ಪ್ರೇ ಫೋಮ್ ಬೇಡ. ಅದು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಆಳವಾದ ಗುಂಡಿಯಲ್ಲಿ ಮೇಲ್ಪದರ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿದು, ಎಷ್ಟೋ ದಿನದ ಮೇಲೆ ಉಬ್ಬುತ್ತದೆ. ಎರಡು ದ್ರವದ ಫೋಮಿನಲ್ಲಿ ಐಸೊಸಯನೇಟ್ ಅನ್ನುವ, ಉಸಿರಾಟಕ್ಕೆ ಕೆಟ್ಟದಾದ ರಾಸಾಯನಿಕ ಇರುತ್ತದೆ. ಗಾಳಿಯಾಡುವ ಜಾಗ, ಕೈಗವಸು, ರಾಸಾಯನಿಕಕ್ಕೆ ಆಗುವ ಫಿಲ್ಟರ್ ಮಾಸ್ಕ್ ಮೂರೂ ಬೇಕು. ಬಟ್ಟೆಯ ಮಾಸ್ಕ್ ಸಾಲದು.

ಫೋಮ್ ಗಟ್ಟಿಯಾದ ಮೇಲೆ ಉದ್ದ ಬ್ಲೇಡಿನಿಂದ ಸವರಿ, ಸುತ್ತಲಿನ ವಿನೈಲಿಗಿಂತ 2-3 ಮಿ.ಮೀ. ತಗ್ಗಿಗೆ ತನ್ನಿ. ಆ ತಗ್ಗು ಪುಟ್ಟಿಯ ಜಾಗ. ಇಲ್ಲಿ ಬಾಡಿ ಕೆಲಸದ ಸಾಮಾನ್ಯ ಪುಟ್ಟಿ ಹಾಕಬೇಡಿ. ಅದು ಪಾಲಿಯೆಸ್ಟರ್, ತಗಡಿಗೆ ಸರಿ, ಆದರೆ ಬಗ್ಗುವುದಿಲ್ಲ. ವಿನೈಲ್ ಬಿಸಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಅದು ಸುತ್ತಲೂ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಬಂಪರ್ ರಿಪೇರಿಗೆಂದು ಬರುವ, ಬಗ್ಗುವ ಎಪಾಕ್ಸಿ ಅಥವಾ ಯುರೆಥೇನ್ ಫಿಲ್ಲರ್ ಬೇಕು. ಗುಂಡಿಯ ಸುತ್ತ ಸುಮಾರು 5 ಸೆಂ.ಮೀ. ವಿನೈಲನ್ನು 180 ನಂಬರ್ ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ, ಆ ಫಿಲ್ಲರಿಗೆ ಹೊಂದುವ ಅಡ್ಹೀಷನ್ ಪ್ರೊಮೋಟರ್ (ಫಿಲ್ಲರ್ ಗಟ್ಟಿಯಾಗಿ ಹಿಡಿಯಲು ಮೊದಲು ಹೊಡೆಯುವ ದ್ರವ) ಹೊಡೆದು, ತೆಳ್ಳಗೆ ಎಳೆಯಿರಿ. ಒಂದೇ ಸಲ ದಪ್ಪ ಹಾಕುವುದಕ್ಕಿಂತ ಎರಡು ಮೂರು ತೆಳು ಪದರ ಒಳ್ಳೆಯದು.

ಉಜ್ಜುವುದು 80ರಿಂದ ಶುರು, ಆಮೇಲೆ 180, ಕೊನೆಗೆ 320. ಬೆರಳಿನಿಂದ ಒತ್ತಿ ಉಜ್ಜಿದರೆ ಹಳ್ಳ ಬೀಳುತ್ತದೆ, ಸ್ವಲ್ಪ ಬಗ್ಗುವ ರಬ್ಬರ್ ಬ್ಲಾಕ್ ಬಳಸಿ. ಸಮ ಆಗಿದೆಯಾ ಅಂತ ಕಣ್ಣಿಗಿಂತ ಕೈ ಚೆನ್ನಾಗಿ ಹೇಳುತ್ತದೆ. ಕಣ್ಣು ಮುಚ್ಚಿ ಅಂಗೈ ಸವರಿ. ಇನ್ನೂ ಅನುಮಾನ ಇದ್ದರೆ ಬೇರೆ ಬಣ್ಣದ ಪೇಂಟನ್ನು ಮಂಜಿನ ಹಾಗೆ ತೆಳ್ಳಗೆ ಹೊಡೆದು ಮತ್ತೆ ಉಜ್ಜಿ. ತಗ್ಗು ಇರುವ ಕಡೆ ಬಣ್ಣ ಉಳಿಯುತ್ತದೆ.

ಮೇಲ್ಮೈ: ಗೆರೆ, ಬಣ್ಣ

ಡ್ಯಾಶ್ ಮೇಲೆ ಚರ್ಮದಂಥ ಗೆರೆಗಳಿರುತ್ತವೆ, ತುಂಬಿದ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತದೆ. ಇದಕ್ಕೆ ಎರಡು ಉಪಾಯ. ಮೊದಲನೆಯದು ಟೆಕ್ಸ್‌ಚರ್ ಸ್ಪ್ರೇ. ಅದನ್ನು ತುಂಬಿದ ಜಾಗಕ್ಕಷ್ಟೇ ಹೊಡೆದರೆ ತೇಪೆ ಎದ್ದು ಕಾಣುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿ ಹೊಡೆಯಿರಿ. ಹೀಗೆ ಮಾಡಿದರೆ ಹಳೆಯ ಹೊದಿಕೆಯ ಮೇಲೆ ಒಂದು ಹೊಸ ಪದರವೂ ಕೂರುತ್ತದೆ. ಡಬ್ಬಿ ದೂರ ಹಿಡಿದಷ್ಟೂ ಹನಿ ಒಣಗಿ ಒರಟಾಗುತ್ತದೆ, ಹತ್ತಿರ ಹಿಡಿದರೆ ಚಪ್ಪಟೆಯಾಗುತ್ತದೆ. ಮೊದಲು ರಟ್ಟಿನ ಮೇಲೆ ಹೊಡೆದು, ಮೂಲ ಗೆರೆಯ ಪಕ್ಕ ಹಿಡಿದು ಹೋಲಿಸಿ.

ಎರಡನೆಯದು ತಾಳ್ಮೆ ಬೇಡುತ್ತದೆ, ಆದರೆ ನನಗೆ ಅದೇ ಇಷ್ಟ. ಡ್ಯಾಶ್‌ನ ಚೆನ್ನಾಗಿರುವ ಒಂದು ಜಾಗದ ಮೇಲೆ ಅಚ್ಚು ಮಾಡುವ ಸಿಲಿಕೋನ್ ರಬ್ಬರನ್ನು ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಎತ್ತಿದರೆ ಗೆರೆಗಳು ತಿರುಗುಮುರುಗಾಗಿ ಅದರಲ್ಲಿ ಮೂಡಿರುತ್ತವೆ. ಕೊನೆಯ ಪದರ ಫಿಲ್ಲರ್ ಅರ್ಧ ಗಟ್ಟಿಯಾಗಿರುವಾಗ, ಬೆರಳಿಗೆ ಅಂಟದೆ, ಒತ್ತಿದರೆ ಗುರುತು ಬೀಳುವ ಹದದಲ್ಲಿ, ಆ ಅಚ್ಚನ್ನು ಒತ್ತಿ ತೆಗೆಯಿರಿ. ಹತ್ತಿರದಿಂದ ನೋಡಿದರೂ ಎಲ್ಲಿ ಹೊಸದು ಎಲ್ಲಿ ಹಳೆಯದು ಗೊತ್ತಾಗದಷ್ಟು ಚೆನ್ನಾಗಿ ಬರುತ್ತದೆ. ಸಿಲಿಕೋನ್ ತಾಗಿದ ಜಾಗವನ್ನು ಪೇಂಟಿಗೆ ಮೊದಲು ಮತ್ತೆ ಗ್ರೀಸ್ ರಿಮೂವರಿನಿಂದ ಒರೆಸುವುದನ್ನು ಮಾತ್ರ ಮರೆಯಬೇಡಿ.

ಬಣ್ಣಕ್ಕೆ ವಿನೈಲಿಗೆಂದೇ ಬರುವ, ಬಗ್ಗುವ ಪೇಂಟ್ ಬಳಸಿ. ಹೊಳಪು ಬೇಡವೇ ಬೇಡ. ಹೊಳೆಯುವ ಡ್ಯಾಶ್ ಮಧ್ಯಾಹ್ನದ ಬಿಸಿಲಲ್ಲಿ ಗಾಜಿನ ಮೇಲೆ ಪ್ರತಿಬಿಂಬ ಮೂಡಿಸಿ ರಸ್ತೆಯನ್ನೇ ಮರೆಮಾಡುತ್ತದೆ. ಮ್ಯಾಟ್ ಬಣ್ಣವನ್ನು ತೆಳ್ಳಗೆ ಮೂರು ನಾಲ್ಕು ಸಲ ಹೊಡೆಯಿರಿ. ಕೆಲವು ರ್‍ಯಾಲಿ ಮತ್ತು ರೇಸ್ ಕಾರುಗಳಲ್ಲಿ ಡ್ಯಾಶ್‌ಗೆ ವೆಲ್ವೆಟ್‌ನಂಥ ಫ್ಲಾಕಿಂಗ್ ಮಾಡಿಸುವುದು ಈ ಪ್ರತಿಫಲನ ತಪ್ಪಿಸಲಿಕ್ಕೇ. ಚಿಕ್ಕಪುಟ್ಟ ಏರುತಗ್ಗನ್ನೂ ಅದು ಮುಚ್ಚುತ್ತದೆ.

ರೆಕ್ಸಿನ್ ಅಥವಾ ಚರ್ಮ ಹೊದಿಸುವುದು

ಹಲವು ಬಿರುಕುಗಳಿರುವ ಡ್ಯಾಶ್‌ಗೆ ನಾನು ಹೇಳುವುದು ಇದನ್ನೇ. ಹೊಸ ಹೊದಿಕೆಗೆ ತನ್ನದೇ ಹಿಗ್ಗುವ ಗುಣ ಇದೆ, ಅಡಿಯಲ್ಲಿ ಮುಂದೆ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಮೇಲಕ್ಕೆ ಕಾಣುವುದಿಲ್ಲ. ಅಡಿಯ ರಿಪೇರಿ ಮೇಲೆ ಹೇಳಿದ ಹಾಗೇ ಆಗಬೇಕು, ಗೆರೆ ಮೂಡಿಸುವ ಗೋಜು ಮಾತ್ರ ಇಲ್ಲ. ಹಳೆಯ ಗೆರೆಗಳನ್ನೂ ಉಜ್ಜಿ ಸಮ ಮಾಡಿ.

ನಾಲ್ಕೂ ದಿಕ್ಕಿಗೆ ಹಿಗ್ಗುವ ರೆಕ್ಸಿನ್ ಆರಿಸಿ. ಸೀಟಿಗೆ ಹಾಕುವ ದಪ್ಪ ರೆಕ್ಸಿನ್ ತಿರುವುಗಳಲ್ಲಿ ನೆರಿಗೆ ಬೀಳುತ್ತದೆ. ಸರಳ ಆಕಾರದ ಡ್ಯಾಶ್ ಆದರೆ ಒಂದೇ ತುಂಡಿನಲ್ಲಿ ಆಗಬಹುದು. ಮೀಟರುಗಳ ಮೇಲೆ ಆಳವಾದ ಮಾಡು ಇರುವ ಡ್ಯಾಶ್‌ಗೆ ಹೊಲಿಗೆ ಬೇಕೇ ಬೇಕು. ಅಳತೆ ತೆಗೆಯುವುದು ಹೀಗೆ: ಡ್ಯಾಶ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ, ಹೊಲಿಗೆ ಬರಬೇಕಾದ ಕಡೆ ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿಸಿ ಎತ್ತಿ. ಚಪ್ಪಟೆಯಾದ ತುಂಡುಗಳೇ ನಿಮ್ಮ ನಮೂನೆ. ಹೊಲಿಗೆಗೆ 12 ಮಿ.ಮೀ., ಹೊರ ಅಂಚಿಗೆ 30 ಮಿ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ಹೊಲಿಯಲು ಪಾಲಿಯೆಸ್ಟರ್ ದಾರ. ಹತ್ತಿಯ ದಾರ ಬಿಸಿಲಿಗೆ ಲಡ್ಡಾಗುತ್ತದೆ. ಮನೆಯ ಹೊಲಿಗೆ ಮಷೀನಿಗೆ ಇದು ಭಾರದ ಕೆಲಸ, ಹೊಲಿಗೆಯಷ್ಟನ್ನು ಕುಶನ್ ಕೆಲಸದವರ ಹತ್ತಿರ ಮಾಡಿಸಿ ಉಳಿದದ್ದು ನೀವೇ ಮಾಡಬಹುದು.

ಅಂಟಿನ ವಿಷಯದಲ್ಲಿ ರಾಜಿ ಬೇಡ. ಮೇಲೆ ಹೇಳಿದ 69 ಡಿಗ್ರಿ ನೆನಪಿದೆಯಲ್ಲ, ಅದು ಸರಾಸರಿ ಮಾತ್ರ. ಸಾಮಾನ್ಯ ಸ್ಪ್ರೇ ಅಂಟು ಆ ಬಿಸಿಗೆ ಮೆತ್ತಗಾಗಿ ತಿರುವುಗಳಲ್ಲಿ ಹೊದಿಕೆ ಮೇಲೇಳುತ್ತದೆ. ಹೆಚ್ಚು ಬಿಸಿ ತಡೆಯುವ ಕಾಂಟ್ಯಾಕ್ಟ್ ಅಂಟನ್ನೇ ತನ್ನಿ, ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುವುದನ್ನು ಓದಿ. ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಸೇರಿಸಿ. ಹೊರಗಿನಿಂದ ಒಳಕ್ಕೆ ಬರಬೇಡಿ. ಮೊದಲು ಹೊಲಿಗೆಯ ಗೆರೆ, ಆಮೇಲೆ ಅತಿ ಆಳದ ತಗ್ಗು, ಅಲ್ಲಿಂದ ಅಂಚಿನ ಕಡೆಗೆ. ತಗ್ಗಿನ ಮೇಲೆ ಹೊದಿಕೆಯನ್ನು ಸೇತುವೆಯ ಹಾಗೆ ಎಳೆದು ಅಂಟಿಸಿದರೆ ಬಿಸಿಲಿಗೆ ಮೊದಲು ಏಳುವುದು ಅದೇ. ರೆಕ್ಸಿನ್ನಿಗೆ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡುತ್ತಾ, ಗನ್ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಚರ್ಮಕ್ಕೆ ಅಷ್ಟು ಬಿಸಿ ಬೇಡ, ಹಿಂಬದಿ ಸ್ವಲ್ಪ ಒದ್ದೆ ಮಾಡಿ ಮೊದಲು ಆಕಾರಕ್ಕೆ ಎಳೆದು ಒಣಗಿಸಿ, ಆಮೇಲೆ ಅಂಟಿಸಿ. ಗಾಳಿಯ ಸೀಳು, ಮೀಟರಿನ ತೂತುಗಳನ್ನು ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ, ಅಂಟು ಪೂರ್ತಿ ಹಿಡಿದ ಮೇಲೆ.

ಪಕ್ಕದ ಸೀಟಿನವರ ಏರ್‌ಬ್ಯಾಗ್ ಮುಚ್ಚಳ ಇರುವ ಡ್ಯಾಶ್ ಆದರೆ ಆ ಮುಚ್ಚಳದ ಮೇಲೆ ಹೊದಿಸಬೇಡಿ, ತುಂಬಬೇಡಿ, ಲೇಪವನ್ನೂ ಹಾಕಬೇಡಿ. ಕಾರ್ಖಾನೆಯಲ್ಲಿ ಇಟ್ಟ ಗೆರೆಯಲ್ಲೇ ಅದು ಹರಿಯಬೇಕು. ಇಲ್ಲವಾದರೆ ಪ್ರಾಣ ಉಳಿಸಬೇಕಾದ ಚೀಲ ತಡವಾಗಿ ಅಥವಾ ಅಡ್ಡಾದಿಡ್ಡಿ ಬಿಚ್ಚಿಕೊಳ್ಳುತ್ತದೆ.

ಡ್ಯಾಶ್ ಹೊರಗಿರುವಾಗ

ಮತ್ತೆ ಇಷ್ಟು ಜಾಗ ಸಿಗುವುದಿಲ್ಲ. ಹೀಟರ್ ಕೋರ್, ಅಂದರೆ ಒಳಗಿನ ಗಾಳಿಯನ್ನು ಬಿಸಿ ಮಾಡುವ ಸಣ್ಣ ರೇಡಿಯೇಟರ್, ಸೋರುತ್ತಿದೆಯಾ ನೋಡಿ, ಅನುಮಾನ ಇದ್ದರೂ ಬದಲಾಯಿಸಿ. ಬ್ಲೋವರ್ ಮೋಟರ್, ಗಾಳಿ ಕೊಳವೆಗಳು, ವೈಪರ್ ಜೋಡಣೆ ಎಲ್ಲಕ್ಕೂ ಈಗ ಕೈ ಎಟಕುತ್ತದೆ. ಮೀಟರ್ ಬಲ್ಬುಗಳನ್ನು ಒಟ್ಟಿಗೆ ಬದಲಾಯಿಸಿ. 944ರಂಥ ಕಾರುಗಳಿಗೆ ಬಂದ ವಿಡಿಒ ಕಂಪನಿಯ ಸ್ಪೀಡೋಮೀಟರಿನಲ್ಲಿ ಕಿಲೋಮೀಟರ್ ಲೆಕ್ಕದ ಪ್ಲಾಸ್ಟಿಕ್ ಹಲ್ಲುಚಕ್ರ ಪುಡಿಯಾಗಿರುವುದು ಸಾಮಾನ್ಯ, ಅದಕ್ಕೂ ಇದೇ ಸಮಯ. ಎಂಜಿನ್ ಗೋಡೆಯ ಹಳೆಯ ನಾರಿನ ಹೊದಿಕೆಯನ್ನು ಮಾತ್ರ ಕೆರೆಯಬೇಡಿ. ಕೆಲವು ಹಳೆಯ ಕಾರುಗಳಲ್ಲಿ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ.

ಮತ್ತೆ ಕೂರಿಸುವುದು

ಡ್ಯಾಶ್ ಮತ್ತು ತಗಡು ತಾಗುವ ಕಡೆಯೆಲ್ಲ ತೆಳು ಫೆಲ್ಟ್ ಟೇಪ್ ಅಂಟಿಸಿ, ಕಿರಕಿರ ಸದ್ದು ತಪ್ಪುತ್ತದೆ. ಹೊಸ ಹೊದಿಕೆ ಹಾಕಿದ ಡ್ಯಾಶ್ ಒಂದೆರಡು ಮಿ.ಮೀ. ದಪ್ಪವಾಗಿರುತ್ತದೆ. ಗಾಜಿನ ಬುಡದಲ್ಲಿ ಅದು ಸಿಕ್ಕಿಕೊಳ್ಳುತ್ತದಾ ಅಂತ ವೈರ್ ಜೋಡಿಸುವ ಮೊದಲೇ ಒಮ್ಮೆ ಸುಮ್ನೆ ಕೂರಿಸಿ ನೋಡಿ. ಎಲ್ಲಾ ಬೋಲ್ಟ್‌ಗಳನ್ನೂ ಎರಡು ಮೂರು ಸುತ್ತು ಮಾತ್ರ ತಿರುಗಿಸಿ ಹಿಡಿಸಿ. ಎಲ್ಲವೂ ತೂತಿಗೆ ಕೂತ ಮೇಲೆ, ನಡುವಿನಿಂದ ಶುರು ಮಾಡಿ ಬದಿಗಳ ಕಡೆಗೆ ಬಿಗಿ ಮಾಡುತ್ತಾ ಬನ್ನಿ. ಒಂದು ತುದಿಯನ್ನು ಮೊದಲೇ ಬಿಗಿದು ಇನ್ನೊಂದನ್ನು ಎಳೆದು ಕೂರಿಸಿದರೆ ಡ್ಯಾಶ್ ತಿರುಚಿಕೊಂಡೇ ಉಳಿಯುತ್ತದೆ.

ಕೆಲವು ಕಾರುಗಳಲ್ಲಿ ಮೀಟರುಗಳಿಗೆ ಅರ್ಥ್ ಸಿಗುವುದು ಡ್ಯಾಶ್‌ನ ತಗಡಿನ ಮೂಲಕ. ನೀವು ಅಲ್ಲಿಗೆ ಪೇಂಟ್, ಫೆಲ್ಟ್ ಹಚ್ಚಿದ್ದರೆ ಮೀಟರು ಏನೇನೋ ತೋರಿಸುತ್ತದೆ. ಆ ಜಾಗವನ್ನು ತಗಡು ಹೊಳೆಯುವಷ್ಟು ಉಜ್ಜಿ, ಇಲ್ಲವೇ ಬೇರೆ ಅರ್ಥ್ ವೈರ್ ಎಳೆಯಿರಿ. ಮೇಲ್ಗಡೆ ಮುಚ್ಚುವ ಮೊದಲೇ ಬ್ಯಾಟರಿ ಜೋಡಿಸಿ ದೀಪ, ಇಂಡಿಕೇಟರ್, ಹಾರ್ನ್, ವೈಪರ್, ಬ್ಲೋವರ್, ಪ್ರತಿ ಮೀಟರ್, ಒಂದೊಂದೇ ಪರೀಕ್ಷಿಸಿ. ಸ್ಟೀರಿಂಗ್ ನಟ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತದಾ ನೋಡಿ. ಆಗದಿದ್ದರೆ ವೀಲ್ ತಪ್ಪು ಹಲ್ಲಿಗೆ ಕೂತಿರಬಹುದು.

ಆಮೇಲೆ

ನಿಲ್ಲಿಸಿದಾಗಲೆಲ್ಲ ಗಾಜಿಗೆ ಬಿಸಿಲು ಪರದೆ ಹಾಕಿ. ಹೊಳಪು ಕೊಡುವ ಸಿಲಿಕೋನ್ ಪಾಲಿಶ್ ಹತ್ತಿರಕ್ಕೂ ತರಬೇಡಿ, ಒದ್ದೆ ಬಟ್ಟೆ ಸಾಕು. ಮೊದಲ ಕೆಲವು ವಾರ ಹೊಸ ಅಂಟು, ಬಣ್ಣಗಳಿಂದ ಗಾಜಿನ ಒಳಬದಿಗೆ ಪೊರೆ ಕೂರುವುದು ಸಹಜ. ಅದನ್ನು ಆಗಾಗ ಒರೆಸಿ, ಸಾಧ್ಯವಾದಾಗ ಕಿಟಕಿ ಸ್ವಲ್ಪ ತೆರೆದಿಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಫೆಲ್ಟ್ ಕೂತು ಬೋಲ್ಟ್‌ಗಳು ತುಸು ಸಡಿಲವಾಗಿರುತ್ತವೆ. ಆಗ ಮತ್ತೊಮ್ಮೆ ಪಾನಾ ತಾಗಿಸಿ, ಅಲುಗಾಡದಷ್ಟು ಮಾತ್ರ. ಜಾಸ್ತಿ ಬಿಗಿದರೆ ಆ ತೂತಿನ ಅಂಚಿನಿಂದಲೇ ಹೊಸ ಬಿರುಕು ಹೊರಡುತ್ತದೆ.